ಟರೆಟ್ಟೂ ಮಂಚವೂ ಒಂದೇ ಅಳತೆಯಲ್ಲಿ: ಬೆಳಗಾವಿಯ ಒಂದು ಸ್ಮರಣಿಕೆ ಕಾರ್ಯಾಗಾರದ ಕೆಲಸ

ನಮ್ಮ ಬಡಾವಣೆಯ ಓದುಮನೆಗೆಂದು ಮಾಡಿಸಿದ ಪ್ರದರ್ಶನ ಮಾದರಿಯೊಂದು ಕಳೆದ ತಿಂಗಳು ಕೈಸೇರಿತು. ಎರಡನೆಯ ಮಹಾಯುದ್ಧದಲ್ಲಿ ಬ್ರಿಟನ್ನಿನ ಬಾಂಬರ್ ಕಮಾಂಡ್ ಎಂಬ ಬಾಂಬರ್ ವಿಮಾನಗಳ ಪಡೆಯೊಂದಿಗೆ ಹಾರಿದ ಆಸ್ಟ್ರೇಲಿಯಾದ ಏರ್ ಗನ್ನರ್ (ವಿಮಾನದಲ್ಲಿ ಗನ್ನು ಹಿಡಿದು ಕಾಯುವವ) ಒಬ್ಬನ ಸೇವೆಯನ್ನೂ ಅವನ ಸೆರೆವಾಸವನ್ನೂ ಒಂದೇ ಹಲಗೆಯ ಮೇಲೆ ತೋರಿಸುವ ಮಾದರಿ ಅದು. ಮಾಡಿಕೊಟ್ಟವರು ಬೆಳಗಾವಿಯ ಕ್ಯಾಂಪ್ ಪ್ರದೇಶದಲ್ಲಿರುವ ಒಂದು ಚಿಕ್ಕ ಸ್ಮರಣಿಕೆ ಕಾರ್ಯಾಗಾರದವರು. ಅವರ ಕೆಲಸದಲ್ಲಿ ನನಗೆ ಕಂಡ ಗುಣಗಳ ಜೊತೆಗೆ ಆದ ತಪ್ಪುಗಳನ್ನೂ ಬರೆಯಬೇಕಾಗಿರುವುದರಿಂದ ಅಂಗಡಿಯ ಹೆಸರನ್ನು ಇಲ್ಲಿ ಹೇಳುವುದಿಲ್ಲ. ಆದರೆ ಇಂಥ ಕೆಲಸ ಮಾಡಿಸಬೇಕೆಂದಿರುವವರಿಗೆ ಏನನ್ನು ನಿರೀಕ್ಷಿಸಬಹುದು, ಏನನ್ನು ಮೊದಲೇ ಬರೆದು ಕೊಡಬೇಕು ಎಂಬುದು ಈ ಬರಹದಿಂದ ತಿಳಿಯಬಹುದು.

ಮರಾಠಾ ಲಘು ಪದಾತಿ ದಳದ ಕೇಂದ್ರವೂ ಸಾಂಬ್ರಾದ ವಾಯುಪಡೆ ನೆಲೆಯೂ ಇರುವ ಊರಾದ್ದರಿಂದ ಬೆಳಗಾವಿಯಲ್ಲಿ ಸ್ಮರಣಿಕೆಗಳಿಗೆ ಸದಾ ಬೇಡಿಕೆಯಿದೆ. ನಿವೃತ್ತಿಗೆ, ವರ್ಗಾವಣೆಗೆ, ಪಡೆಯ ಸ್ಥಾಪನಾ ದಿನಕ್ಕೆ ಎಂದು ತೇಗದ ಫಲಕ, ಹಿತ್ತಾಳೆಯ ಲಾಂಛನ, ಗಾಜಿನ ಪೆಟ್ಟಿಗೆಯೊಳಗಿನ ಟ್ಯಾಂಕು ಅಥವಾ ವಿಮಾನ ಇಲ್ಲಿ ದಿನವೂ ಮಾರಾಟವಾಗುತ್ತವೆ. ವಾಯುಪಡೆಯ ಶಸ್ತ್ರ ವಿಭಾಗದಲ್ಲಿ ಇಪ್ಪತ್ತು ವರ್ಷ ದುಡಿದು ಸಾಂಬ್ರಾದಿಂದ ನಿವೃತ್ತನಾದ ನನ್ನ ಮನೆಯಲ್ಲಿಯೂ ಅಂಥವು ಆರೇಳು ಇವೆ. ಅವೆಲ್ಲವೂ ವಿಮಾನವನ್ನು ತೋರಿಸುತ್ತವೆ, ಅದರೊಳಗೆ ಕುಳಿತವನನ್ನು ತೋರಿಸುವುದಿಲ್ಲ. ನನಗೆ ಬೇಕಾಗಿದ್ದುದು ಆ ಕುಳಿತವನು.

ಈ ಆಸೆ ಹುಟ್ಟಿದ್ದು 2017ರಲ್ಲಿ, ಮಗಳ ಮನೆಗೆಂದು ಕ್ಯಾನ್‌ಬೆರಾಕ್ಕೆ ಹೋಗಿದ್ದಾಗ. ಅಲ್ಲಿನ ಆಸ್ಟ್ರೇಲಿಯನ್ ವಾರ್ ಮೆಮೋರಿಯಲ್‌ನಲ್ಲಿ 460ನೆಯ ಸ್ಕ್ವಾಡ್ರನ್ನಿನ ‘ಜಿ ಫಾರ್ ಜಾರ್ಜ್’ ಎಂಬ ಲ್ಯಾಂಕಾಸ್ಟರ್ ಬಾಂಬರ್ ವಿಮಾನವನ್ನು ಉಳಿಸಿಟ್ಟಿದ್ದಾರೆ. ಸುಮಾರು ತೊಂಬತ್ತು ಕಾರ್ಯಾಚರಣೆಗಳಿಗೆ ಹೋಗಿ ಪ್ರತಿ ಸಲವೂ ಹಿಂದಿರುಗಿದ ವಿಮಾನ ಅದು. ಜನರೆಲ್ಲ ಅದರ ಮೂತಿಯ ಬಳಿ ನಿಂತು ಚಿತ್ರ ತೆಗೆಸಿಕೊಳ್ಳುತ್ತಿದ್ದಾಗ ನಾನು ಬಾಲದ ಕಡೆಗೆ ಹೋಗಿ, ಹಿಂಬದಿಯ ಟರೆಟ್ಟಿನ, ಅಂದರೆ ಗನ್ನರ್ ಕುಳಿತು ಗನ್ನುಗಳೊಂದಿಗೆ ತಿರುಗುವ ಗೂಡಿನ, ಕೆಳಗೆ ಬಹಳ ಹೊತ್ತು ನಿಂತೆ. ನಾಲ್ಕು ಬ್ರೌನಿಂಗ್ ಮಷಿನ್‌ಗನ್‌ಗಳ ನಡುವೆ ಒಬ್ಬ ಮನುಷ್ಯ ಕೂರಲು ಉಳಿದಿದ್ದ ಜಾಗವನ್ನು ನೋಡಿ, ಬದುಕೆಲ್ಲ ಗನ್ನುಗಳನ್ನು ಬಿಚ್ಚಿ ಜೋಡಿಸಿದ ನನಗೇ ಮಾತು ಹೊರಡಲಿಲ್ಲ. ಬಾಂಬರ್ ಕಮಾಂಡಿನ ಸುಮಾರು 1,25,000 ವಿಮಾನ ಸಿಬ್ಬಂದಿಯಲ್ಲಿ 55,573 ಮಂದಿ ಸತ್ತರು. ಅದರಲ್ಲಿ ಸೇವೆ ಸಲ್ಲಿಸಿದ ಆಸ್ಟ್ರೇಲಿಯನ್ನರು ಸುಮಾರು ಹತ್ತು ಸಾವಿರ, ಅವರಲ್ಲಿ ಸತ್ತವರು ಸುಮಾರು ಮೂರೂವರೆ ಸಾವಿರ. ಒಟ್ಟು ಪಡೆಯಲ್ಲಿ ಬದುಕಿ ಸೆರೆ ಸಿಕ್ಕವರು ಹತ್ತು ಸಾವಿರಕ್ಕೆ ತುಸು ಕಡಿಮೆ. ಅಂದಿನಿಂದ ಈ ಗನ್ನರ್‌ಗಳ ಕುರಿತು ಸಿಕ್ಕಿದ್ದನ್ನೆಲ್ಲ ಓದುತ್ತ ಬಂದಿದ್ದೇನೆ. ಮಾದರಿಯಲ್ಲಿರುವವನು ಹೆಸರಿರುವ ಯಾವ ಒಬ್ಬ ವ್ಯಕ್ತಿಯೂ ಅಲ್ಲ. 460ನೆಯ ಸ್ಕ್ವಾಡ್ರನ್ನಿನಿಂದ 1944ರ ಯುರೋಪಿನ ಬೇಸಿಗೆಯಲ್ಲಿ ಹಾರಿ ಹಿಂದಿರುಗದ ಸಾರ್ಜೆಂಟ್ ಒಬ್ಬ ಎಂದಷ್ಟೇ ತೀರ್ಮಾನಿಸಿಕೊಂಡು, ಅಂಥವನ ಬದುಕು ಹೇಗೆ ಸಾಗುತ್ತಿತ್ತೋ ಅದನ್ನು ಏಳು ಪುಟಗಳಲ್ಲಿ ಕನ್ನಡದಲ್ಲಿ ಬರೆದು ಕಾರ್ಯಾಗಾರಕ್ಕೆ ಕೊಟ್ಟೆ.

ಕಾರ್ಯಾಗಾರದ ಯಜಮಾನನಿಗೆ ಮೂವತ್ತು ದಾಟಿರಲಿಕ್ಕಿಲ್ಲ. ತಂದೆಯ ಕಾಲದಿಂದ ಹಿತ್ತಾಳೆಯ ಲಾಂಛನಗಳನ್ನು ಮಾಡಿಕೊಂಡು ಬಂದ ಮನೆತನ. ನನ್ನ ಏಳು ಪುಟಗಳನ್ನು ಅಂಗಡಿಯಲ್ಲಿಯೇ ಕುಳಿತು ಕೊನೆಯವರೆಗೆ ಓದಿದ ಆತ ಕೇಳಿದ ಮೊದಲ ಪ್ರಶ್ನೆ ಬೆಲೆಯದಲ್ಲ. “ಸರ್, ಇವನು ಕೂರೋ ಜಾಗ ದೊಡ್ಡದೋ, ಮಲಗೋ ಜಾಗ ದೊಡ್ಡದೋ?” ಎಂದು ಕೇಳಿದ. ಆ ಪ್ರಶ್ನೆಯೇ ಇಡೀ ಮಾದರಿಯ ಸ್ವರೂಪವನ್ನು ನಿರ್ಧರಿಸಿತು. ವಿಮಾನವನ್ನು ಚಿಕ್ಕದಾಗಿಯೂ ಬಂದೀಖಾನೆಯನ್ನು ದೊಡ್ಡದಾಗಿಯೂ ಮಾಡುವ ಆಲೋಚನೆ ನನ್ನದಾಗಿತ್ತು. ಅದನ್ನು ಕೈಬಿಟ್ಟು ಎರಡನ್ನೂ ಹನ್ನೆರಡರಲ್ಲಿ ಒಂದಂಶದ ಅಳತೆಗೆ ತಂದೆವು. ಎಡಕ್ಕೆ ಲ್ಯಾಂಕಾಸ್ಟರಿನ ಬಾಲದ ತುದಿ ಮತ್ತು ಟರೆಟ್ಟು, ಬಲಕ್ಕೆ ಜರ್ಮನಿಯ ಸೆರೆಶಿಬಿರದ ಗುಡಿಸಲಿನ ಒಂದು ಮೂಲೆ, ಎರಡರಲ್ಲಿಯೂ ಹದಿನಾಲ್ಕೂವರೆ ಸೆಂಟಿಮೀಟರ್ ಎತ್ತರದ ಅದೇ ಮನುಷ್ಯ. ಕೂರುವ ಜಾಗ ಮತ್ತು ಮಲಗುವ ಜಾಗಗಳ ಇಕ್ಕಟ್ಟನ್ನು ನೋಡುವವರು ಕಣ್ಣಿನಲ್ಲಿಯೇ ಅಳೆದುಕೊಳ್ಳಬಹುದು. ಬೇರೆ ಯಾವ ಕಾರಣಕ್ಕೂ ಅಲ್ಲದೆ ಈ ಒಂದು ನಿರ್ಧಾರಕ್ಕಾಗಿ ನಾನು ಈ ಕಾರ್ಯಾಗಾರವನ್ನು ಇತರರಿಗೆ ಸೂಚಿಸುತ್ತೇನೆ.

ಟರೆಟ್ಟಿನ ಕೆಲಸ ಅತ್ಯುತ್ತಮವಾಗಿದೆ. ಲ್ಯಾಂಕಾಸ್ಟರಿನ ಹಿಂಬದಿಯಲ್ಲಿ ಸಾಮಾನ್ಯವಾಗಿ ಇದ್ದುದು ಫ್ರೇಜರ್-ನ್ಯಾಶ್ 20 ಎಂಬ ಟರೆಟ್ಟು. ಅದರಲ್ಲಿ ಎಡಕ್ಕೆರಡು, ಬಲಕ್ಕೆರಡು ಎಂದು 7.7 ಮಿಲಿಮೀಟರ್ ಬ್ರೌನಿಂಗ್‌ಗಳು ಒಂದರ ಮೇಲೊಂದು ಕೂಡಿರುತ್ತಿದ್ದವು. ಈ ಅಳತೆಯಲ್ಲಿ ನಳಿಗೆಯ ರಂಧ್ರ ಆರು ಹತ್ತಾಂಶ ಮಿಲಿಮೀಟರ್‌ಗಿಂತ ಸ್ವಲ್ಪವೇ ದೊಡ್ಡದು. ಕಪ್ಪು ಚುಕ್ಕೆ ಇಟ್ಟು ಮುಗಿಸಬಹುದಾಗಿದ್ದ ಕೆಲಸವನ್ನು ಈತ ಉದ್ಯಮಬಾಗದ ಲೇತ್ ಕೆಲಸಗಾರನೊಬ್ಬನ ಬಳಿಗೆ ಒಯ್ದು, ಹಿತ್ತಾಳೆಯ ಸಣ್ಣ ಸರಳಿನಲ್ಲಿ ನಾಲ್ಕು ನಳಿಗೆಗಳನ್ನು ಕಡೆಸಿ ನಿಜವಾಗಿಯೇ ಕೊರೆಸಿ ತಂದಿದ್ದಾನೆ. ಭೂತಗನ್ನಡಿ ಹಿಡಿದು ನೋಡಿದರೆ ರಂಧ್ರದ ಅಂಚು ಒಂದಿಷ್ಟೂ ಹರಿದಿಲ್ಲ. ಅಚ್ಚುಕಟ್ಟಿನ ಎರಕಕ್ಕೂ ಲೇತ್ ಕೆಲಸಕ್ಕೂ ಹೆಸರಾದ ಊರಿನಲ್ಲಿ ಇದು ಸಾಧ್ಯವಾಯಿತು ಎಂಬುದು ನನಗೆ ಸಂತೋಷದ ವಿಷಯ. ಗುಂಡಿನ ಪಟ್ಟಿಗಳು ಟರೆಟ್ಟಿನೊಳಗೆ ಇರುತ್ತಿರಲಿಲ್ಲ. ವಿಮಾನದ ಮೈಯೊಳಗಿನ ದೊಡ್ಡ ಪೆಟ್ಟಿಗೆಗಳಿಂದ ಉದ್ದನೆಯ ಹಳಿಗಳ ಮೇಲೆ ಜಾರಿ ಬಂದು ಕೆಳಗಿನಿಂದ ಗನ್ನುಗಳನ್ನು ಸೇರುತ್ತಿದ್ದವು. ಆ ಹಳಿಗಳನ್ನು ತೋರಿಸಲೆಂದು ಎಡ ಮಗ್ಗುಲಿನ ತಗಡನ್ನು ಕೊಯ್ದು ತೆರೆದಿಟ್ಟಿರುವುದು ಒಳ್ಳೆಯ ಉಪಾಯ.

ಒಂದು ವಿಷಯದಲ್ಲಿ ಮಾತ್ರ ನಾವಿಬ್ಬರೂ ಒಪ್ಪಲು ಎರಡು ಭೇಟಿಗಳು ಬೇಕಾದವು. ಟರೆಟ್ಟಿನ ಪಾರದರ್ಶಕ ಹೊದಿಕೆಯನ್ನು ಅಕ್ರಿಲಿಕ್ ಹಾಳೆ ಕಾಯಿಸಿ ಬಗ್ಗಿಸಿ ಆತ ಬಹಳ ಚೆಂದವಾಗಿ ಮಾಡಿದ್ದ, ಎಲ್ಲಿಯೂ ಗೀರಿಲ್ಲದಂತೆ ಮೆರುಗು ಕೊಟ್ಟಿದ್ದ. ಅದರ ನಡುವಿನ ಭಾಗವನ್ನು ಕತ್ತರಿಸಿ ತೆಗೆಯಬೇಕೆಂದು ನಾನು ಹೇಳಿದಾಗ ಆತನ ಮುಖ ಸಣ್ಣದಾಯಿತು. ಆದರೆ ಆ ಕಾಲದ ಹಿಂಬದಿ ಗನ್ನರ್‌ಗಳಲ್ಲಿ ಬಹಳ ಮಂದಿ ತಮ್ಮ ಎದುರಿನ ಪರ್ಸ್‌ಪೆಕ್ಸ್ ಎಂಬ ಪಾರದರ್ಶಕ ಹೊದಿಕೆಯನ್ನು ತೆಗೆಸಿಯೇ ಬಿಡುತ್ತಿದ್ದರು. ಕತ್ತಲಲ್ಲಿ ಅದರ ಮೇಲೆ ಕೂತ ಒಂದು ಎಣ್ಣೆಯ ಹನಿ, ಒಂದು ಗೀರು ಸಹ ದೂರದ ಶತ್ರುವಿಮಾನದಂತೆ ಕಾಣುತ್ತಿತ್ತು. ನಿಜವಾದ ಶತ್ರುವಿಮಾನವನ್ನು ಮರೆಮಾಡಿಬಿಡುವ ಸಾಧ್ಯತೆಯೂ ಇತ್ತು. ಕಣ್ಣಿಗೂ ಕತ್ತಲಿಗೂ ನಡುವೆ ಏನೂ ಇರಬಾರದೆಂದು ಅವರು ಶೂನ್ಯಕ್ಕಿಂತ ನಲವತ್ತು ಡಿಗ್ರಿ ಕೆಳಗಿನ ಗಾಳಿಗೆ ಮುಖವೊಡ್ಡಿ ಏಳೆಂಟು ಗಂಟೆ ಕೂರುತ್ತಿದ್ದರು. ವಿದ್ಯುತ್ತಿನಿಂದ ಬಿಸಿಯಾಗುವ ಉಡುಪು ಇತ್ತು, ಆದರೆ ಅದರ ತಂತಿ ಕೆಟ್ಟರೆ ಬೆರಳು ಹೋದಂತೆಯೇ. ಗನ್ನರ್‌ನ ಮುಖ್ಯ ಕೆಲಸ ಗುಂಡು ಹಾರಿಸುವುದೆಂದು ನಾವು ಅಂದುಕೊಳ್ಳುತ್ತೇವೆ. ಅವನ ಮುಖ್ಯ ಕೆಲಸ ನೋಡುವುದು. ಜರ್ಮನ್ ರಾತ್ರಿ ವಿಮಾನಗಳ 20 ಮಿಲಿಮೀಟರ್ ತೋಪುಗಳ ಎದುರು ಈ ಸಣ್ಣ ಗುಂಡು ದೂರದಲ್ಲಿ ಸಾಟಿಯಾಗುತ್ತಿರಲಿಲ್ಲವಾದ್ದರಿಂದ, ಅವನು ಮೊದಲು ಕಂಡು “ಕಾರ್ಕ್‌ಸ್ಕ್ರೂ” ಎಂದು ಪೈಲಟ್‌ಗೆ ಕೂಗಿ ಹೇಳಿದರೆ, ವಿಮಾನ ತಿರುಚಿಕೊಂಡು ಇಳಿದು ಏರಿ ತಪ್ಪಿಸಿಕೊಂಡರೆ, ವಿಮಾನದ ಏಳೂ ಜನ ಬದುಕುತ್ತಿದ್ದರು. ಇದನ್ನು ವಿವರಿಸಿದ ಮೇಲೆ ಆತ ತಾನೇ ಗರಗಸ ಹಿಡಿದು ಆ ಮೆರುಗಿನ ಹೊದಿಕೆಯನ್ನು ಕತ್ತರಿಸಿದ.

ಇನ್ನು ದೊಡ್ಡ ತಪ್ಪಿನ ವಿಷಯ. ಮೊದಲ ಸಲ ತೋರಿಸಿದಾಗ ಗನ್ನರ್‌ನ ಎದೆಯ ಮೇಲೆ ಪ್ಯಾರಾಚೂಟಿನ ಪೊಟ್ಟಣವಿತ್ತು. ನನ್ನ ಬರಹದ ನಾಲ್ಕನೆಯ ಪುಟದಲ್ಲಿ ಸ್ಪಷ್ಟವಾಗಿ ಬರೆದಿದ್ದರೂ ಹೀಗಾದದ್ದು ನನಗೆ ಬೇಸರ ತಂದಿತು, ಏಕೆಂದರೆ ಹಿಂಬದಿ ಗನ್ನರ್‌ನ ಬದುಕಿನ ಇಡೀ ಕಥೆ ಆ ಪೊಟ್ಟಣ ಎಲ್ಲಿತ್ತು ಎಂಬುದರಲ್ಲಿದೆ. ಎದೆಗೆ ಪೊಟ್ಟಣ ಕಟ್ಟಿಕೊಂಡು ಗನ್ನುಗಳ ಹಿಂದೆ ಕೂರುವಷ್ಟು ಜಾಗ ಆ ಟರೆಟ್ಟಿನಲ್ಲಿ ಇರಲಿಲ್ಲ. ಬಹುತೇಕರು ಅದನ್ನು ಬೆನ್ನ ಹಿಂದಿನ ಬಾಗಿಲುಗಳಾಚೆ, ವಿಮಾನದ ಮೈಯೊಳಗೆ ಇಟ್ಟು ಕೂರುತ್ತಿದ್ದರು. ವಿಮಾನಕ್ಕೆ ಬೆಂಕಿ ಬಿದ್ದಾಗ ಟರೆಟ್ಟನ್ನು ನೇರಕ್ಕೆ ತಂದು, ಬಾಗಿಲು ಸರಿಸಿ, ಕೈಚಾಚಿ ಪೊಟ್ಟಣ ಎಳೆದುಕೊಂಡು, ಎದೆಯ ಕೊಕ್ಕೆಗಳಿಗೆ ಸಿಕ್ಕಿಸಿ, ಮತ್ತೆ ಟರೆಟ್ಟನ್ನು ಮಗ್ಗುಲಿಗೆ ತಿರುಗಿಸಿ ಹಿಮ್ಮುಖವಾಗಿ ಕತ್ತಲೆಗೆ ಉರುಳಬೇಕಿತ್ತು. ಎಂಜಿನ್ನುಗಳಿಂದ ಬರುವ ಹೈಡ್ರಾಲಿಕ್ ಒತ್ತಡ ಹೋಗಿದ್ದರೆ ಟರೆಟ್ಟನ್ನು ಕೈಯಿಂದಲೇ ತಿರುಗಿಸಬೇಕಿತ್ತು. 1944ರ ಮಾರ್ಚಿನಲ್ಲಿ ಬರ್ಲಿನ್ ದಾಳಿಯಿಂದ ಮರಳುತ್ತಿದ್ದ ಬ್ರಿಟಿಷ್ ಗನ್ನರ್ ನಿಕೊಲಸ್ ಆಲ್ಕಮೇಡ್ ಬಾಗಿಲು ತೆರೆದಾಗ ಅವನ ಪ್ಯಾರಾಚೂಟು ಉರಿಯುತ್ತಿತ್ತು. ಉರಿದು ಸಾಯುವುದಕ್ಕಿಂತ ಮೇಲೆಂದು ಸುಮಾರು ಹದಿನೆಂಟು ಸಾವಿರ ಅಡಿ ಎತ್ತರದಿಂದ ಬರಿಗೈಯಲ್ಲಿ ಹಾರಿದ ಅವನು ಪೈನ್ ಮರಗಳ ಮೇಲೆ, ಅಲ್ಲಿಂದ ಹಿಮದ ಮೇಲೆ ಬಿದ್ದು ಬದುಕಿ ಸೆರೆಯಾದ. ಅಂಥ ಅದೃಷ್ಟ ಮತ್ತೊಬ್ಬನಿಗೆ ಸಿಗುವುದು ಅಪರೂಪ.

ಈಗ ಪೊಟ್ಟಣ ಸರಿಯಾದ ಜಾಗದಲ್ಲಿದೆ. ಎರಡು ಸಣ್ಣ ಬಾಗಿಲುಗಳು ನಿಜವಾಗಿಯೇ ಸರಿಯುತ್ತವೆ. ಸರಿಸಿದರೆ ಅವುಗಳ ಆಚೆ, ಎಡ ಗೋಡೆಯ ಮೇಲೆ, ಹುಣಸೆಬೀಜಕ್ಕಿಂತ ತುಸು ದೊಡ್ಡದಾದ ಖಾಕಿ ಬಟ್ಟೆಯ ಪೊಟ್ಟಣ ಕಾಣುತ್ತದೆ. ಅದಕ್ಕೆ ಹೊಲಿದ ದಾರ ರೇಷ್ಮೆಯದು. ಇರ್ವಿನ್ ಕಂಪನಿಯ ಪ್ಯಾರಾಚೂಟಿನಿಂದ ಜೀವ ಉಳಿದವರಿಗೆ ಚಿನ್ನದ ಪುಟ್ಟ ಹುಳುವಿನ ಪಿನ್ನೊಂದನ್ನು ಕೊಡುವ ಸಂಪ್ರದಾಯವಿತ್ತು, ರೇಷ್ಮೆಹುಳುವಿನ ಋಣ ನೆನೆಯಲೆಂದು. ಸೆರೆಶಿಬಿರದಿಂದಲೇ ಅದಕ್ಕೆ ಅರ್ಜಿ ಬರೆದವರಿದ್ದರು. ರೇಷ್ಮೆ ಬೆಳೆಯುವ ನಾಡಿನವರಾದ ನಮಗೆ ಈ ಮಾತು ಬೇಗ ತಟ್ಟುತ್ತದೆ ಎಂದು ಹೇಳಿದ್ದಕ್ಕೆ ಆತ ತಾನಾಗಿಯೇ ಆ ದಾರವನ್ನು ಬಳಸಿದ್ದ; ನಾನು ಕೇಳಿರಲಿಲ್ಲ.

ಬಲಭಾಗಕ್ಕೆ ಬರುತ್ತೇನೆ. ಸೆರೆ ಸಿಕ್ಕ ವಿಮಾನ ಸಿಬ್ಬಂದಿಯನ್ನು ಸಾಮಾನ್ಯವಾಗಿ ಮೊದಲು ಫ್ರಾಂಕ್‌ಫರ್ಟ್ ಬಳಿಯ ಓಬರುರ್ಸೆಲ್‌ನಲ್ಲಿದ್ದ ಡುಲಾಗ್ ಲುಫ್ಟ್ ಎಂಬ ವಿಚಾರಣಾ ಕೇಂದ್ರಕ್ಕೆ ಒಯ್ಯುತ್ತಿದ್ದರು. ಅಲ್ಲಿ ಒಂಟಿ ಕೋಣೆ, ಬೇಕೆಂದೇ ಏರಿಸಿದ ಸೆಕೆ, ರೆಡ್‌ಕ್ರಾಸ್‌ನದೆಂದು ಸುಳ್ಳು ಹೇಳಿ ಮುಂದಿಡುವ ಅರ್ಜಿ ನಮೂನೆ. ಹೆಸರು, ಹುದ್ದೆ, ಸಂಖ್ಯೆ ಬಿಟ್ಟು ಬೇರೇನನ್ನೂ ಹೇಳಬಾರದೆಂದು ಕಲಿತು ಬಂದಿದ್ದ ಹುಡುಗರನ್ನು ಹಾಗೆ ಸಡಿಲಗೊಳಿಸುತ್ತಿದ್ದರು. ಗನ್ನರ್‌ಗಳಲ್ಲಿ ಹೆಚ್ಚಿನವರು ಸಾರ್ಜೆಂಟ್ ದರ್ಜೆಯವರಾದ್ದರಿಂದ ಅಧಿಕಾರಿಗಳ ಶಿಬಿರಗಳಿಗೆ ಹೋಗದೆ ಲಾಮ್ಸ್‌ಡಾರ್ಫ್, ಹೈಡೆಕ್ರುಗ್, ಬಾಂಕಾವ್ ಮೊದಲಾದ ಕಡೆಗೆ ಹೋದರು. ನಮ್ಮವನಿಗೆ ನಾನು ಆರಿಸಿದ್ದು ಸೈಲೀಷಿಯಾದ ಬಾಂಕಾವ್, ಅಂದರೆ ವಾಯುಪಡೆಯ ಕೈದಿಗಳ ಸ್ಟಾಲಾಗ್ ಲುಫ್ಟ್ 7 ಎಂಬ ಶಿಬಿರ. ಅದು ತೆರೆದದ್ದೇ 1944ರ ಜೂನಿನಲ್ಲಿ.

ಗುಡಿಸಲಿನ ಮೂಲೆಯಲ್ಲಿ ಮೂರಂತಸ್ತಿನ ಮರದ ಮಂಚ, ಒಂದು ಕಬ್ಬಿಣದ ಒಲೆ, ಒಂದು ಸ್ಟೂಲು. ಮೊದಲ ನೋಟಕ್ಕೆ ಬಡಗಿಯ ಕೆಲಸ ತೀರ ಅಚ್ಚುಕಟ್ಟಾಗಿತ್ತು, ಅದೇ ತೊಂದರೆ. ಮಂಚದ ಅಡ್ಡಪಟ್ಟಿಗಳನ್ನು ಒಂದೂ ಬಿಡದೆ ಸಾಲಾಗಿ ಜೋಡಿಸಿ ಪಾಲಿಶ್ ಮಾಡಿದ್ದರು. ಸೆರೆಶಿಬಿರದಲ್ಲಿ ಮಂಚದ ಪಟ್ಟಿ ಎಂದರೆ ಸೌದೆ. ಚಳಿಗಾಲದಲ್ಲಿ ಒಂದೊಂದಾಗಿ ಒಲೆಗೆ ಹೋಗಿ, ಮಲಗುವವನ ಕೆಳಗೆ ಉಳಿದ ನಾಲ್ಕೈದು ಪಟ್ಟಿಗಳ ನಡುವೆ ಹಗ್ಗದ ತುಂಡುಗಳನ್ನು ಹೆಣೆದುಕೊಳ್ಳುತ್ತಿದ್ದರು. ನಾನು ಹೇಳಿದಂತೆ ಪಾಲಿಶ್ ಕೆರೆದು ತೆಗೆದು, ನಡುವಿನ ಮಂಚದಿಂದ ಐದು ಪಟ್ಟಿಗಳನ್ನು ಕಿತ್ತು, ಗೋಣಿಚೀಲದ ನೂಲಿನಿಂದ ಜಾಲ ಹೆಣೆದಿದ್ದಾರೆ. ನಮ್ಮವನು ಅದರ ಮೇಲೆ ಮಗ್ಗುಲಾಗಿ, ಮೊಣಕಾಲು ಮಡಚಿ ಮಲಗಿದ್ದಾನೆ. ನೂಲು ಅವನ ಸೊಂಟದ ಬಳಿ ಜೋತುಬಿದ್ದಿದೆ. ಇಡೀ ಮಾದರಿಯಲ್ಲಿ ನನ್ನ ಕಣ್ಣು ಮತ್ತೆ ಮತ್ತೆ ಹೋಗುವುದು ಆ ಜೋತುಬಿದ್ದ ನೂಲಿಗೆ.

ಉಡುಪಿನ ಬಣ್ಣವನ್ನೂ ಒಮ್ಮೆ ಬದಲಾಯಿಸಬೇಕಾಯಿತು. ಬ್ರಿಟಿಷ್ ವಾಯುಪಡೆಯ ಬೂದುನೀಲಿಯನ್ನು ಬಳಿದಿದ್ದರು, ಆದರೆ ಆಸ್ಟ್ರೇಲಿಯನ್ನರ ಸಮವಸ್ತ್ರ ಅದಕ್ಕಿಂತ ಬಹಳ ಗಾಢವಾದ ನೀಲಿ. ಇಂಗ್ಲೆಂಡಿನ ಬೀದಿಗಳಲ್ಲಿ ಅವರನ್ನು ದೂರದಿಂದಲೇ ಗುರುತಿಸಲು ಆ ಬಣ್ಣ ಸಾಕಿತ್ತು. ಎದೆಯ ಎಡಭಾಗದಲ್ಲಿ ‘ಎ.ಜಿ.’ ಅಕ್ಷರಗಳಿರುವ ಒಂಟಿ ರೆಕ್ಕೆಯ ಗುರುತನ್ನು ಹಿತ್ತಾಳೆಯ ಹಾಳೆಯಲ್ಲಿ ಕತ್ತರಿಸಿ ಬಣ್ಣ ಹಚ್ಚಿ ಅಂಟಿಸಿದ್ದಾರೆ. ಅದರ ಅಗಲ ಅಕ್ಕಿಕಾಳಿಗಿಂತ ಹೆಚ್ಚಿಲ್ಲ. ಆ ರೆಕ್ಕೆಗಾಗಿ ಅವನು ನ್ಯೂ ಸೌತ್ ವೇಲ್ಸಿನ ಇವಾನ್ಸ್ ಹೆಡ್, ದಕ್ಷಿಣ ಆಸ್ಟ್ರೇಲಿಯಾದ ಪೋರ್ಟ್ ಪೀರಿ ಅಥವಾ ವಿಕ್ಟೋರಿಯಾದ ವೆಸ್ಟ್ ಸೇಲ್‌ನಂಥ ಗನ್ನರಿ ಶಾಲೆಯಲ್ಲಿ, ಫೇರಿ ಬ್ಯಾಟಲ್ ಎಂಬ ಹಳತಾದ ವಿಮಾನದ ಹಿಂದಿನ ಆಸನದಿಂದ ಗಾಳಿಯಲ್ಲಿ ಎಳೆಯುವ ಬಟ್ಟೆಯ ಗುರಿಗೆ ಗುಂಡು ಹಾರಿಸಿ ಕಲಿತಿರುತ್ತಿದ್ದ. ಕುತ್ತಿಗೆಯಲ್ಲಿ ಜರ್ಮನರು ಕೊಟ್ಟ ಕೈದಿಯ ಬಿಲ್ಲೆ ಇದೆ, ಐದು ಮಿಲಿಮೀಟರ್ ಅಗಲದ ಆಯತ. ನಿಜವಾದ ಬಿಲ್ಲೆಯ ನಡುವೆ ಸೀಳುಗಂಡಿಗಳ ಒಂದು ಸಾಲಿರುತ್ತಿತ್ತು, ಕೈದಿ ಸತ್ತರೆ ಅಲ್ಲಿ ಮುರಿದು ಅರ್ಧವನ್ನು ಹೆಣದೊಂದಿಗೆ ಬಿಡಲೆಂದು. ಇಷ್ಟು ಚಿಕ್ಕ ತಗಡಿನಲ್ಲಿ ಆ ಸೀಳುಗಳನ್ನು ಸೂಜಿಯಿಂದ ಒತ್ತಿ ಮೂಡಿಸಿರುವುದನ್ನು ಕಂಡಾಗ, ಬಣ್ಣದ ವಿಷಯದಲ್ಲಿ ನನಗಿದ್ದ ಅಸಮಾಧಾನ ಹೋಯಿತು.

ಒಲೆಯ ಬಳಿ ಒಂದು ‘ಕ್ಲಿಮ್’ ಡಬ್ಬಿ ಇಟ್ಟಿದ್ದಾರೆ. ಕೆನಡಾದ ರೆಡ್‌ಕ್ರಾಸ್ ಪೊಟ್ಟಣಗಳಲ್ಲಿ ಬರುತ್ತಿದ್ದ ಹಾಲಿನ ಪುಡಿಯ ಡಬ್ಬಿ ಅದು. ಖಾಲಿ ಡಬ್ಬಿಯಿಂದ ಕೈದಿಗಳು ಬಾಣಲೆ, ಲೋಟ, ಕೈಯಿಂದ ತಿರುಗಿಸಿ ಗಾಳಿಯೂದುವ ಪುಟ್ಟ ಒಲೆ ಎಲ್ಲವನ್ನೂ ಮಾಡಿಕೊಳ್ಳುತ್ತಿದ್ದರು. ವಾರಕ್ಕೊಂದರಂತೆ ಒಬ್ಬನಿಗೆ ಸಿಗಬೇಕಿದ್ದ ಐದು ಕಿಲೋ ತೂಕದ ಆ ಪೊಟ್ಟಣ, ಯುದ್ಧದ ಕೊನೆಯ ಚಳಿಗಾಲದಲ್ಲಿ ಅರ್ಧವಾಗಿ, ಮತ್ತೆ ಬಾರದೆಯೂ ಹೋಯಿತು. 1929ರ ಜಿನೀವಾ ಒಪ್ಪಂದದ ಪ್ರಕಾರ ಸಾರ್ಜೆಂಟ್‌ಗಳನ್ನು ಕೂಲಿಗೆ ಹಚ್ಚುವಂತಿರಲಿಲ್ಲವಾದ್ದರಿಂದ ಅವರ ಮುಂದೆ ಇದ್ದುದು ಹಸಿವು ಮತ್ತು ಕಳೆಯದ ಹೊತ್ತು. ವೈ.ಎಂ.ಸಿ.ಎ. ಎಂಬ ಸೇವಾ ಸಂಸ್ಥೆ ಜಿನೀವಾದಿಂದ ಕಳುಹಿಸಿದ ಖಾಲಿ ದಿನಚರಿ ಪುಸ್ತಕಗಳಲ್ಲಿ ಅವರು ಚಿತ್ರ ಬರೆದರು, ಊಟದ ಪಟ್ಟಿ ಬರೆದರು, ಮನೆಗೆ ಹೋದ ಮೇಲೆ ತಿನ್ನಬೇಕಾದ ತಿಂಡಿಗಳ ಹೆಸರು ಬರೆದರು. ಅಂಥ ಪುಸ್ತಕವೊಂದು ಮಂಚದ ತಲೆಯ ಕಡೆಗಿದೆ, ಹಾಳೆಗಳು ಬಿಡಿಬಿಡಿಯಾಗಿ ತಿರುಗುತ್ತವೆ.

ಮಾದರಿಯ ಮುಂಬದಿಯಲ್ಲಿ, ಎರಡೂ ಭಾಗಗಳ ಉದ್ದಕ್ಕೂ, ನಾಲ್ಕು ಬೆರಳಗಲದ ಬಿಳಿಯ ಪಟ್ಟಿಯೊಂದಿದೆ. ಅದು ದಾರಿ. ಸೋವಿಯತ್ ಸೇನೆ ಸಮೀಪಿಸುತ್ತಿದ್ದಂತೆ 1945ರ ಜನವರಿ 19ರ ನಸುಕಿನಲ್ಲಿ ಬಾಂಕಾವ್‌ನ ಸುಮಾರು 1,500 ಕೈದಿಗಳನ್ನು ಹಿಮದಲ್ಲಿ ಪಶ್ಚಿಮಕ್ಕೆ ನಡೆಸಿದರು. ಕೊಟ್ಟಿಗೆಗಳಲ್ಲಿ ಮಲಗುತ್ತ, ಓಡರ್ ನದಿಯನ್ನು ದಾಟಿ, ಸುಮಾರು 240 ಕಿಲೋಮೀಟರ್ ನಡೆದ ಮೇಲೆ ದನದ ರೈಲುಡಬ್ಬಿಗಳಲ್ಲಿ ತುಂಬಿ, ಫೆಬ್ರವರಿ 8ರಂದು ಬರ್ಲಿನ್ನಿನ ದಕ್ಷಿಣದ ಲುಕನ್‌ವಾಲ್ಡೆ ಶಿಬಿರಕ್ಕೆ ತಂದರು. ಆ ಶಿಬಿರಕ್ಕೆ ಸೋವಿಯತ್ ಸೇನೆ ಬಂದದ್ದು ಏಪ್ರಿಲ್ 22ರಂದು. ಈ ಪಟ್ಟಿಯ ಮೇಲೆ ಮನುಷ್ಯರ ಗೊಂಬೆಗಳು ಬೇಡವೆಂದು ನಾನೇ ಹೇಳಿದ್ದೆ. ಕಾರ್ಯಾಗಾರದವರು ಅಡುಗೆ ಸೋಡಾ ಮತ್ತು ಅಂಟಿನಿಂದ ಹಿಮ ಮಾಡಿ, ಬೂಟಿನ ಗುರುತುಗಳನ್ನು ಒಂದೊಂದಾಗಿ ಒತ್ತಿದ್ದಾರೆ; ಎಡತುದಿಯಲ್ಲಿ ಹೆಜ್ಜೆಗಳು ದೂರ ದೂರ ಇವೆ, ಬಲತುದಿಗೆ ಬರುವಷ್ಟರಲ್ಲಿ ಒತ್ತೊತ್ತಾಗಿ, ಎಳೆದುಕೊಂಡು ಹೋದಂತೆ ಗೀರುಗಳಾಗಿವೆ. ಅಲ್ಲಿ ಅವರು ತಮ್ಮದೇ ಉತ್ಸಾಹದಿಂದ ನೆಟ್ಟಿದ್ದ ಆಸ್ಟ್ರೇಲಿಯಾದ ಬಾವುಟವನ್ನು ಮಾತ್ರ ತೆಗೆಸಿದೆ.

ಹಿತ್ತಾಳೆಯ ಮೂರು ಫಲಕಗಳ ಕನ್ನಡ ಕೆತ್ತನೆ ಚೆನ್ನಾಗಿದೆ, ಒತ್ತಕ್ಷರಗಳು ಎಲ್ಲಿಯೂ ಮುರಿದಿಲ್ಲ. ಮೂರನೆಯ ಫಲಕದಲ್ಲಿರುವುದು ಕೊನೆಯ ಸಂಗತಿ: 1945ರ ಏಪ್ರಿಲ್-ಮೇ ತಿಂಗಳುಗಳಲ್ಲಿ ‘ಎಕ್ಸೋಡಸ್’ ಎಂಬ ಕಾರ್ಯಾಚರಣೆಯಲ್ಲಿ, ಬಾಂಬು ಹೊತ್ತು ಹೋಗುತ್ತಿದ್ದ ಅದೇ ಲ್ಯಾಂಕಾಸ್ಟರ್‌ಗಳು ಒಂದೊಂದರಲ್ಲಿ ಸುಮಾರು ಇಪ್ಪತ್ತೈದು ಬಿಡುಗಡೆಯಾದ ಕೈದಿಗಳನ್ನು ನೆಲದ ಮೇಲೆ ಕೂರಿಸಿಕೊಂಡು, ಒಟ್ಟು ಸುಮಾರು 75,000 ಮಂದಿಯನ್ನು ಇಂಗ್ಲೆಂಡಿಗೆ ತಂದವು. ಎಡಭಾಗದ ತೆರೆದ ಮಗ್ಗುಲಿನಿಂದ ನೋಡಿದರೆ ಗುಂಡಿನ ಹಳಿಗಳ ಪಕ್ಕದಲ್ಲಿ ಆ ಖಾಲಿ ನೆಲ ಕಾಣುತ್ತದೆ. ಹದಿನಾಲ್ಕೂವರೆ ಸೆಂಟಿಮೀಟರಿನ ಮನುಷ್ಯ ಅಲ್ಲಿ ಮೊಣಕಾಲು ಮಡಚಿಯೇ ಕೂರಬೇಕು ಎಂಬುದು ಅಳತೆ ಸರಿಯಿರುವುದರಿಂದ ಯಾರೂ ಹೇಳದೆಯೇ ತಿಳಿಯುತ್ತದೆ.

ವ್ಯವಹಾರದ ಮಾತು. ಗಾಜಿನ ಪೆಟ್ಟಿಗೆ, ತೇಗದ ಪೀಠ ಸೇರಿ 38,500 ರೂಪಾಯಿ ಆಯಿತು; ಅರ್ಧ ಮುಂಗಡ. ಕೈಕೆಲಸದ ಗಂಟೆಗಳನ್ನು ಎಣಿಸಿದರೆ ಇದು ದುಬಾರಿಯಲ್ಲ. ತಿದ್ದುಪಡಿಗಳಿಗೆ ಪ್ರತ್ಯೇಕ ಹಣ ಕೇಳಲಿಲ್ಲ, ಟರೆಟ್ಟಿನ ಹೊದಿಕೆಗೂ ಕೇಳಲಿಲ್ಲ. ಎರಡು ತಿಂಗಳೆಂದು ಹೇಳಿದ್ದು ನಾಲ್ಕು ತಿಂಗಳಾಯಿತು, ಅದರಲ್ಲಿ ಒಂದು ತಿಂಗಳಿನ ಕಾರಣ ನಮ್ಮೂರಿನ ಮಳೆ. ಜುಲೈಯಲ್ಲಿ ಪೀಠಕ್ಕೆ ಹೊಡೆದ ಲ್ಯಾಕರ್ ಗಾಳಿಯ ತೇವಕ್ಕೆ ಹಾಲು ಚೆಲ್ಲಿದಂತೆ ಬೆಳ್ಳಗಾಗಿ, ಎಲ್ಲವನ್ನೂ ಉಜ್ಜಿ ತೆಗೆದು ಸೆಪ್ಟೆಂಬರಿನಲ್ಲಿ ಮತ್ತೆ ಹೊಡೆಯಬೇಕಾಯಿತು. ಉಳಿದ ತಿಂಗಳಿಗೆ ಕಾರಣ ಅವರು ನಡುವೆ ಬೇರೊಂದು ದೊಡ್ಡ ಆರ್ಡರ್ ಹಿಡಿದದ್ದು, ಅದನ್ನು ನನಗೆ ಮೊದಲೇ ತಿಳಿಸಬೇಕಿತ್ತು. ಪೀಠದ ಹಿಂದಿನ ಎಡ ಮೂಲೆಯಲ್ಲಿ ಇನ್ನೂ ಒಂದು ಮಬ್ಬು ಕಲೆ ಉಳಿದಿದೆ. ಒಲೆಯೊಳಗಿನ ಕೆಂಪು ದೀಪದ ಬ್ಯಾಟರಿಯನ್ನು ಪೀಠದ ಅಡಿಯಲ್ಲಿ ಕೂಡಿಸಿರುವುದರಿಂದ ಬದಲಾಯಿಸಲು ಇಬ್ಬರು ಸೇರಿ ಇಡೀ ಪೆಟ್ಟಿಗೆಯನ್ನು ಎತ್ತಬೇಕು. ಪಕ್ಕದಲ್ಲಿ ಒಂದು ಚಿಕ್ಕ ಬಾಗಿಲಿಟ್ಟಿದ್ದರೆ ಸಾಕಿತ್ತು. ಇಂಥ ಕೆಲಸಕ್ಕೆ ಕೊಡುವವರು ಅಳತೆಗಳನ್ನೂ ಬಣ್ಣಗಳನ್ನೂ ಬರೆದು ಕೊಡುವುದಷ್ಟೇ ಅಲ್ಲದೆ ಹದಿನೈದು ದಿನಕ್ಕೊಮ್ಮೆ ಹೋಗಿ ನೋಡಬೇಕು, ಪಾಲಿಶ್ ಹಂತ ಮಳೆಗಾಲಕ್ಕೆ ಬೀಳದಂತೆ ಆರ್ಡರ್ ಕೊಡಬೇಕು.

ಓದುಮನೆಗೆ ಬಂದವರಲ್ಲಿ ಒಂದಿಬ್ಬರು ಹಿರಿಯರು, ಆಸ್ಟ್ರೇಲಿಯಾದವನೇ ಏಕೆ, ನಮ್ಮ ಊರಿನ ಕೇಂದ್ರದ ಪಡೆಯವರೂ ಸೆರೆ ಹೋಗಿದ್ದರಲ್ಲ ಎಂದು ಕೇಳಿದರು. ಅವರು ಕೇಳಿದ್ದು ಸರಿ. 1942ರ ಜೂನ್ 21ರಂದು ಲಿಬಿಯಾದ ಟೊಬ್ರೂಕ್ ಶತ್ರುವಿನ ಕೈಗೆ ಬಿದ್ದಾಗ ಐದನೆಯ ಮರಾಠಾ ಲಘು ಪದಾತಿ ದಳದ ಎರಡನೆಯ ಪಟಾಲಂ ಅಲ್ಲಿತ್ತು, ಅದರ ಸೈನಿಕರು ಕೈದಿಗಳಾದರು. ಗನ್ನರ್‌ನ ಮಾದರಿಯನ್ನು ಮಾಡುವಾಗ ಕಲಿತ ಕೈಗಳೇ ಆ ಸೈನಿಕರ ಮಾದರಿಯನ್ನೂ ಮಾಡಲೆಂದು ಅದೇ ಕಾರ್ಯಾಗಾರಕ್ಕೆ ಮುಂಗಡ ಕೊಟ್ಟಿದ್ದೇನೆ. ಅಳತೆ ಇದೇ ಹನ್ನೆರಡರಲ್ಲಿ ಒಂದಂಶ; ಬ್ಯಾಟರಿಗೆ ಪಕ್ಕದಲ್ಲಿ ಬಾಗಿಲಿರಬೇಕೆಂದು ಮೊದಲ ಪುಟದಲ್ಲಿಯೇ ಬರೆದಿದ್ದೇನೆ.